ಹಿಮದ ಹಾದಿಯಲ್ಲಿ ಸಣ್ಣ ಕಾರು: ಚಕ್ರಕ್ಕೆ ಯಾವ ಸರಪಣಿ ಸರಿ?

ಮನಾಲಿಯಿಂದ ಅಟಲ್ ಸುರಂಗದ ದಕ್ಷಿಣ ದ್ವಾರಕ್ಕೆ ಸುಮಾರು 25 ಕಿಲೋಮೀಟರ್. ಬೇಸಿಗೆಯಲ್ಲಿ ಯಾವ ಸಣ್ಣ ಕಾರಾದರೂ ನಿರಾಯಾಸವಾಗಿ ಏರಬಲ್ಲ ಹಾದಿಯಿದು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಈ ಸುರಂಗ ಉದ್ಘಾಟನೆಯಾಗುವ ಮುನ್ನ ಚಳಿಗಾಲದಲ್ಲಿ ರೋಹ್ತಾಂಗ್ ದಾರಿ ಮುಚ್ಚಿ, ಲಾಹೌಲ್ ಪ್ರದೇಶ ತಿಂಗಳುಗಟ್ಟಲೆ ಹೊರಜಗತ್ತಿನ ಸಂಪರ್ಕ ಕಳೆದುಕೊಳ್ಳುತ್ತಿತ್ತು. ಪ್ರವಾಸಿಗರು ಆ ಕಡೆ ಸುಳಿಯುವ ಪ್ರಶ್ನೆಯೇ ಇರಲಿಲ್ಲ. ಈಗ ಹಾಗಿಲ್ಲ. ಡಿಸೆಂಬರ್ ರಜೆ ಬಂತೆಂದರೆ ದೂರದ ಕರ್ನಾಟಕದ ನೋಂದಣಿ ಫಲಕ ಹೊತ್ತ ಕಾರುಗಳೂ ಆ ಸಾಲಿನಲ್ಲಿ ಕಾಣಸಿಗುತ್ತವೆ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ಹಿಮಪಾತಕ್ಕೆ ಸಿಲುಕಿದ ನೂರಾರು ವಾಹನಗಳನ್ನು ಹೊರತರಲು ಪೊಲೀಸರು ಹರಸಾಹಸ ಪಡಬೇಕಾಯಿತು.

ಹಿಮ ಬಿದ್ದ ದಿನಗಳಲ್ಲಿ ನಾಲ್ಕೂ ಚಕ್ರಗಳ ಚಾಲನೆಯುಳ್ಳ ವಾಹನಗಳಿಗೆ ಇಲ್ಲವೇ ಸರಪಣಿ ತೊಟ್ಟ ವಾಹನಗಳಿಗೆ ಮಾತ್ರ ಮುಂದೆ ಹೋಗಲು ಅನುಮತಿ ನೀಡುವುದು ಅಲ್ಲಿನ ವಾಡಿಕೆ. ಆದ್ದರಿಂದ ಸಣ್ಣ ಕಾರಿನವರು ತಡೆಗಟ್ಟೆಯ ಬಳಿ ತರಾತುರಿಯಲ್ಲಿ ಸಿಕ್ಕ ಸರಪಣಿ ಕಟ್ಟಿಸಿಕೊಂಡು ಹೊರಡುತ್ತಾರೆ. ತಪ್ಪು ನಡೆಯುವುದು ಬಹುತೇಕ ಅಲ್ಲಿಯೇ.

ಏರಲಾಗದ್ದೇಕೆ?

ತಾಜಾ ಹಿಮಕ್ಕಿಂತ ಅಪಾಯಕಾರಿಯಾದುದು ಹಗಲು ಕರಗಿ ಇರುಳು ಹೆಪ್ಪುಗಟ್ಟಿದ ತೆಳುಪದರ. ಡಾಂಬರಿನ ಕಪ್ಪನ್ನೇ ತೋರುವ ಇದನ್ನು ಚಾಲಕರು ಬ್ಲ್ಯಾಕ್ ಐಸ್ ಎನ್ನುತ್ತಾರೆ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ 0.7ರ ಆಸುಪಾಸಿನಲ್ಲಿದ್ದರೆ, ತುಳಿದು ಗಟ್ಟಿಯಾದ ಹಿಮದ ಮೇಲೆ 0.2ಕ್ಕೂ, ಮಂಜುಗಡ್ಡೆಯ ಮೇಲೆ 0.1ಕ್ಕೂ ಇಳಿಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಬ್ರೇಕ್ ಒತ್ತಿದ ಬಳಿಕ ಒಣ ರಸ್ತೆಯಲ್ಲಿ 9 ಮೀಟರಿನಲ್ಲಿ ನಿಂತರೆ, ಹಿಮದ ಮೇಲೆ ಸುಮಾರು 30 ಮೀಟರ್, ಮಂಜುಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು ಜಾರುತ್ತದೆ.

ಏರುದಾರಿಯ ಲೆಕ್ಕವೂ ಸರಳವೇ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂಚಕ್ರ ಚಾಲನೆಯವು. ಖಾಲಿ ಕಾರಿನ ಭಾರದಲ್ಲಿ ಶೇ 60ರಷ್ಟು ಮುಂಚಕ್ರಗಳ ಮೇಲಿರುತ್ತದೆ. ಹಿಂದಿನ ಆಸನದಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸೂಟ್‌ಕೇಸ್ ತುಂಬಿದರೆ ಅದು ಅರ್ಧದಷ್ಟಕ್ಕೆ ಇಳಿಯುತ್ತದೆ. ಆಗ ಮಂಜುಗಡ್ಡೆಯ ಮೇಲೆ ಕಾರು ಏರಬಲ್ಲದ್ದು ನೂರು ಮೀಟರಿಗೆ ಐದು ಮೀಟರ್ ಎತ್ತರವನ್ನು ಮಾತ್ರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ 3,000 ಮೀಟರಿಗಿಂತ ಎತ್ತರದ ಪರ್ವತ ರಸ್ತೆಯ ಸಾಮಾನ್ಯ ಇಳಿಜಾರೇ ಶೇ 5. ಅನಿವಾರ್ಯವಾದೆಡೆ ಶೇ 7. ಅಂದರೆ ತುಂಬಿದ ಸಣ್ಣ ಕಾರು ಅಲ್ಲಿ ನಿಂತಲ್ಲೇ ಚಕ್ರ ತಿರುಗಿಸತೊಡಗುತ್ತದೆ. ಸಾಮಾನು ತುಂಬಿದಷ್ಟೂ ಹಿಡಿತ ಹೆಚ್ಚುತ್ತದೆಂಬ ನಂಬಿಕೆ ಹಿಂಚಕ್ರ ಚಾಲನೆಯ ವಾಹನಗಳಿಗೆ ಸಲ್ಲುವಂಥದ್ದು.

ಸರಪಣಿಯ ದಪ್ಪವೇ ಮುಖ್ಯ

ಮಲೆನಾಡಿನಲ್ಲಿ ಮಳೆಗಾಲದ ಕೆಸರಿಗೆ ಜೀಪಿನ ಚಕ್ರಕ್ಕೆ ಚೈನು ಕಟ್ಟುವುದು ಹಳೆಯ ರೂಢಿ. ಹಿಮಕ್ಕೆ ಕಟ್ಟುವ ಸರಪಣಿಯ ತತ್ತ್ವವೂ ಅದೇ. ಆದರೆ ಜೀಪಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಂಗೈ ತೂರುವಷ್ಟು ಜಾಗವಿರುತ್ತದೆ. ಸಣ್ಣ ಕಾರಿನಲ್ಲಿ ಬೆರಳು ತೂರಿದರೆ ಹೆಚ್ಚು. ಚಕ್ರದ ಒಳಬದಿಯಲ್ಲಿ ಸ್ಪ್ರಿಂಗಿನ ತಟ್ಟೆ, ಬ್ರೇಕಿನ ಕೊಳವೆ, ಎಬಿಎಸ್ ತಂತಿ ಇವೆಲ್ಲ ಟೈರಿಗೆ ತೀರ ಸಮೀಪ. ದಪ್ಪ ಸರಪಣಿ ಸಡಿಲವಾಗಿ ಬೀಸಿದರೆ ಮೊದಲು ಹರಿಯುವುದು ಅವೇ. ಇಳಿಜಾರಿನಲ್ಲಿ ಬ್ರೇಕಿನ ಕೊಳವೆ ಹರಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಆದ್ದರಿಂದ ಸಣ್ಣ ಕಾರಿಗೆ ಸರಪಣಿ ಆಯುವಾಗ ಮೊದಲು ನೋಡಬೇಕಾದುದು ಚಕ್ರದ ಒಳಬದಿಗೆ ಅದು ಎಷ್ಟು ದಪ್ಪವಾಗುತ್ತದೆ ಎಂಬುದನ್ನು. 12 ಮತ್ತು 16 ಮಿಲಿಮೀಟರಿನವು ದೊಡ್ಡ ವಾಹನಗಳಿಗೆ ಸರಿ. ಸಣ್ಣ ಕಾರಿಗೆ 9 ಅಥವಾ 7 ಮಿಲಿಮೀಟರಿನವನ್ನೇ ಕೇಳಬೇಕು. ಸರಪಣಿ ಹಾಕಬಹುದೇ, ಯಾವ ಅಳತೆಯ ಟೈರಿಗೆ ಹಾಕಬಹುದು ಎಂಬುದನ್ನು ಕಾರಿನೊಡನೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳಿತು. ಒಂದೇ ಹೆಸರಿನ ಕಾರಿಗೂ ಟೈರಿನ ಅಳತೆ ಬೇರೆಯಾಗಬಹುದು: ಸ್ವಿಫ್ಟ್ ಕಾರಿನ ಕೆಳದರ್ಜೆಯ ಮಾದರಿಗೆ 165/80 ಆರ್14, ಮೇಲ್ದರ್ಜೆಯದಕ್ಕೆ 185/65 ಆರ್15. ‘ಸ್ವಿಫ್ಟಿಗೆ ಚೈನು ಕೊಡಿ’ ಎಂದರೆ ಸಾಲದು. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳನ್ನು ಓದಿ ಹೇಳಬೇಕು.

ವಿನ್ಯಾಸದಲ್ಲಿ ಎರಡು ಬಗೆ. ಏಣಿಯ ಮೆಟ್ಟಿಲಿನಂತೆ ಅಡ್ಡಡ್ಡ ಕಟ್ಟಿದ್ದು ಅಗ್ಗ. ಆದರೆ ಎರಡು ಅಡ್ಡಪಟ್ಟಿಗಳ ನಡುವೆ ಟೈರು ಬರಿದಾಗಿ ನೆಲ ಮುಟ್ಟುವುದರಿಂದ ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತದೆ. ವಜ್ರಾಕಾರದ ಹೆಣಿಗೆಯಲ್ಲಿ ಸರಪಣಿಯ ಯಾವುದಾದರೊಂದು ಭಾಗ ಸದಾ ನೆಲದ ಮೇಲಿರುತ್ತದೆ. ಬೆಲೆ ಹೆಚ್ಚಾದರೂ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಬಾಡಿಗೆಯ ಸರಪಣಿಯಾದರೆ ಕಟ್ಟಿಸಿದ ಕೂಡಲೇ ಸ್ಟಿಯರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕಾರನ್ನು ನಿಧಾನವಾಗಿ ಉರುಳಿಸಿ ಕಿವಿಗೊಡಬೇಕು. ಒಳಗೆಲ್ಲೋ ಲೋಹ ತಾಗಿದ ಸದ್ದಾದರೆ ಬಿಚ್ಚಿಸಿಬಿಡಬೇಕು. ಕೊಟ್ಟ ಹಣ ಹೋದರೂ ಚಿಂತೆಯಿಲ್ಲ. ನೂರಿನ್ನೂರು ಮೀಟರ್ ಸಾಗಿದ ಬಳಿಕ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಗಂಟೆಗೆ 50 ಕಿಲೋಮೀಟರ್ ಮೀರಬಾರದೆಂಬುದು ಜರ್ಮನಿಯ ಕಾನೂನು. ಘಟ್ಟದ ರಸ್ತೆಯಲ್ಲಿ 30 ದಾಟದಿರುವುದೇ ಕ್ಷೇಮ.

ಸುರಂಗದೊಳಗೆ ಹಿಮವಿಲ್ಲ. ಒಂಬತ್ತು ಕಿಲೋಮೀಟರ್ ಬರಿಯ ರಸ್ತೆಯ ಮೇಲೆ ಸರಪಣಿ ಉಜ್ಜುತ್ತ ಹೋದರೆ ಕೊಂಡಿಗಳು ಸವೆದು ಹರಿಯುತ್ತವೆ. ಬಿಚ್ಚಿ ಮತ್ತೆ ಕಟ್ಟುವುದು ತಿಳಿಯದವರು ಆ ಕಡೆಯ ಸಿಸ್ಸುವಿಗೆ ಹೋಗುವ ಆಸೆಯನ್ನು ಅಂದಿಗೆ ಬಿಡುವುದೇ ಲೇಸು. ಬೆಂಗಳೂರಿನಲ್ಲಿ ಮನೆಯ ಮುಂದೆಯೇ ಎರಡು ಬಾರಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿಕೊಂಡು ಹೊರಡಬಹುದು. ನೆರೆಯವರು ನಕ್ಕಾರು, ನಗಲಿ. ಕೊರೆಯುವ ಚಳಿಯಲ್ಲಿ ಸೆಟೆದ ಬೆರಳುಗಳಿಗೆ ಹೊಸ ವಿದ್ಯೆ ಹತ್ತುವುದಿಲ್ಲ.

ಬಟ್ಟೆಯ ಗವಸು, ಚಳಿಗಾಲದ ಟೈರು

ಲೋಹದ ಸರಪಣಿಗೆ ಎಡೆಯಿಲ್ಲದ ಕಾರುಗಳಿಗಾಗಿ ಯುರೋಪಿನಲ್ಲಿ ಬಟ್ಟೆಯ ಗವಸುಗಳು ಬಳಕೆಗೆ ಬಂದಿವೆ. ಪಾಲಿಯೆಸ್ಟರ್ ನೂಲಿನ ಈ ಚೀಲವನ್ನು ಟೈರಿಗೆ ಟೋಪಿಯಂತೆ ತೊಡಿಸಿದರಾಯಿತು. ಹಗುರ, ಸುಲಭ, ಬ್ರೇಕಿನ ಭಾಗಗಳಿಗೆ ಅಪಾಯವೂ ಕಡಿಮೆ. ತಾಜಾ ಹಿಮದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಬರಿಯ ಡಾಂಬರಿನ ಮೇಲೆ ಮಾತ್ರ ಬೇಗ ಹರಿಯುತ್ತವೆ. ಇಎನ್ 16662-1 ಎಂಬ ಯುರೋಪಿನ ಮಾನಕದ ಗುರುತಿರುವುದನ್ನು ನೋಡಿ ಕೊಳ್ಳಬೇಕು. ಸರಪಣಿಯ ಹೆಸರಿನಲ್ಲಿ ಮಾರಾಟವಾಗುವ ಪ್ಲಾಸ್ಟಿಕ್ ಪಟ್ಟಿಗಳು ಹೂತ ಚಕ್ರವನ್ನು ನಾಲ್ಕು ಮಾರು ಎಳೆಯಲು ನೆರವಾದಾವು, ಘಟ್ಟ ಏರಲು ನಂಬತಕ್ಕವಲ್ಲ.

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಚಳಿಗಾಲದ ಟೈರು ಪರಿಚಿತ. ಅದರ ರಬ್ಬರ್ ಚಳಿಯಲ್ಲೂ ಮೆದುವಾಗಿರುತ್ತದೆ; ಸಾಮಾನ್ಯ ಟೈರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗತೊಡಗುತ್ತದೆ. 2024ರ ಅಕ್ಟೋಬರ್ 1ರಿಂದ ಅಲ್ಲಿ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರವಿರುವ ಟೈರಿಗಷ್ಟೇ ಮಾನ್ಯತೆ. ಎಂ ಪ್ಲಸ್ ಎಸ್ ಎಂಬ ಹಳೆಯ ಗುರುತು ಸಾಲದು. ವಾರದ ಪ್ರವಾಸಕ್ಕಾಗಿ ಇಲ್ಲಿಂದ ಹೋಗುವವರಿಗೆ ಈ ಖರ್ಚು ಹೊಂದದು. ಹಾಕಿಸಿದರೆ ನಾಲ್ಕಕ್ಕೂ ಹಾಕಿಸಬೇಕು.

ಸರಪಣಿಯನ್ನು ಹಾಕಬೇಕಾದುದು ಚಾಲನೆಯ ಚಕ್ರಗಳಿಗೆ, ಎರಡಕ್ಕೂ. ಓಮ್ನಿ, ನ್ಯಾನೋಗಳಿಗೆ ಹಿಂದಕ್ಕೆ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳಿಗೆ ಮುಂದಕ್ಕೆ. ಮುಂದೆ ಮಾತ್ರ ಸರಪಣಿಯಿದ್ದಾಗ ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಮುಂಭಾಗ ಕಚ್ಚಿ ನಿಂತು, ಬರಿಗಾಲಿನ ಹಿಂಭಾಗ ಸುತ್ತಿ ಬರುತ್ತದೆ. ಮೊದಲ ಅಥವಾ ಎರಡನೆಯ ಗೇರಿನಲ್ಲಿ, ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು.

ಸಿಲುಕಿದಾಗ

ಇಷ್ಟಾಗಿಯೂ ದಾರಿ ಕಟ್ಟಿಹೋದರೆ ಕಾರಿನೊಳಗೆ ಹೀಟರ್ ಹಾಕಿ ಮಲಗುವುದು ಮಾರಕವಾಗಬಹುದು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿ ಗಿರಿಧಾಮದ ಬಳಿ ಹಿಮದಲ್ಲಿ ಸಿಲುಕಿದ ವಾಹನಗಳಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಹೊಗೆಕೊಳವೆಯನ್ನು ಹಿಮ ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿಕೊಳ್ಳುತ್ತದೆ. ಕೊಳವೆಯ ಸುತ್ತಲಿನ ಹಿಮವನ್ನು ಆಗಾಗ ತೆಗೆಯುತ್ತ, ಕಿಟಕಿಯನ್ನು ಬೆರಳಗಲ ತೆರೆದಿಟ್ಟು, ಎಂಜಿನ್ನನ್ನು ಸ್ವಲ್ಪ ಹೊತ್ತು ಮಾತ್ರ ಓಡಿಸಬೇಕು. ಡಿಕ್ಕಿಯಲ್ಲಿ ಒಂದು ಸಣ್ಣ ಸಲಿಕೆ ಇರಲಿ. ಪೊಲೀಸರು ಕಾರು ಬಿಟ್ಟು ಬನ್ನಿ ಎಂದರೆ ಅದನ್ನು ರಸ್ತೆಯ ಬೆಟ್ಟದ ಬದಿಗೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಹೊರಡಬೇಕು. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಿ ಬಿಡಿಸಲಾಗದಂತೆ ಹಿಡಿದುಬಿಡುವುದುಂಟು.