ಹೆಡ್‌ಫೋನಿನ ತೂತು ಹೋದ ಮ್ಯಾಲೆ: ಡ್ಯಾಕ್ ಅನ್ನೋ ಸಣ್ಣ ವಸ್ತುವಿನ ಕಥಿ

ಮೊಬೈಲ್ ಅಂಗಡಿಗೆ ಹೋಗಿ ‘ಡ್ಯಾಕ್ ಅದ ಏನಪಾ’ ಅಂದ್ರ ಹುಡುಗ ಮಾರಿ ನೋಡ್ತಾನ. ‘ಸಿ ಪಿನ್ನಿಂದ ಹೆಡ್‌ಫೋನಿಗೆ ಕನ್ವರ್ಟರ್’ ಅಂದ್ರ ಲಗೂನ ನಾಕು ನಮೂನಿ ತಗದು ಗಾಜಿನ ಮ್ಯಾಲೆ ಇಡ್ತಾನ. ನಾಕೂ ನೋಡ್ಲಿಕ್ಕೆ ಒಂದಽ ಥರ: ಗೇಣುದ್ದದ ವೈರು, ಒಂದು ತುದಿಗೆ ಚಾರ್ಜರಿನಂಥಾ ಪಿನ್ನು, ಇನ್ನೊಂದು ತುದಿಗೆ ತೂತು. ಆದ್ರ ಅದರಾಗ ಕೆಲವು ಬರೇ ವೈರು, ಕೆಲವುಗಳೊಳಗ ಒಂದು ಪೂರ್ತಿ ಯಂತ್ರ ಕೂತಿರ್ತದ. ಆ ಯಂತ್ರಕ್ಕ ಡ್ಯಾಕ್ ಅಂತಾರ, ಅಂದ್ರ ಡಿಜಿಟಲ್ ಟು ಅನಲಾಗ್ ಕನ್ವರ್ಟರ್. ಅಂಕಿಗಳನ್ನ ದನಿ ಮಾಡಿ ಹೇಳೂ ದುಭಾಷಿ ಅನ್ರಿ. ಒಂದು ತಿಂಗಳದಾಗ ಮೂರು ಮಂದಿ ಇದರ ಬಗ್ಗೆ ನನ್ನ ಕೇಳ್ಯಾರ, ಅದಕ್ಕ ಈ ಸಲ ಉಪ್ಪಿನಕಾಯಿ ಬದಿಗಿಟ್ಟು ಇದನ್ನ ಬರೀಲಿಕ್ಕೆ ಕೂತೀನಿ. ಯಾವುದು ತಗೋಬೇಕು ಅಂತ ತಿಳೀಬೇಕಂದ್ರ ಇದು ಎಲ್ಲಿಂದ ಬಂತು ಅನ್ನೂದನ್ನ ಒಂದೀಟು ನೋಡಬೇಕಾಗ್ತದ.

ದುಭಾಷಿ ಬೇಕಾಗಿರದ ಕಾಲ ಒಂದಿತ್ತು. 1902ರ ನವೆಂಬರದಾಗ ಕಲಕತ್ತಾದೊಳಗ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದ ಹಾಡಿದ್ರು. ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಾಗ ಹಾಡಬೇಕು, ದನಿಯ ಧಕ್ಕಿಗೆ ಆ ಕಡೆ ಸೂಜಿ ನಡುಗಿ ಮೇಣದ ಮ್ಯಾಲೆ ಗೆರಿ ಕೊರೀತಿತ್ತು. ತಾಸುಗಟ್ಟಲೆ ಹಾಡೂ ರಾಗವನ್ನ ಮೂರು ಮಿನಿಟಿನ ಆಸುಪಾಸಿನ್ಯಾಗ ಮುಗಸಬೇಕು. ಕಡೀಕ ಅವರು ಇಂಗ್ಲೀಷಿನ್ಯಾಗ ತಮ್ಮ ಹೆಸರು ಹೇಳ್ತಿದ್ರು. ಪ್ಲೇಟು ತಯಾರಾಗೂದು ಜರ್ಮನಿಯ ಹ್ಯಾನೋವರದಾಗ, ಅಲ್ಲಿಯವರಿಗೆ ಯಾರು ಹಾಡ್ಯಾರ ಅಂತ ಗೊತ್ತಾಗಬೇಕಲ್ಲ! ಇದಽ ಗೌಹರ್ ಜಾನ್ 1928ರಾಗ ಮೈಸೂರು ಅರಮನಿಯ ಗಾಯಕಿ ಆಗಿ ಬಂದ್ರು, 1930ರ ಜನವರಿಯೊಳಗ ಮೈಸೂರಾಗಽ ತೀರಿಕೊಂಡ್ರು. ಆ ಪ್ಲೇಟಿನ ಗೆರಿ ಅಂದ್ರ ಅವರ ದನಿಯದಽ ಆಕಾರ. ಸೂಜಿ ಇಟ್ಟು ತಿರುಗಿಸಿದ್ರ ಆತು, ನಡುವ ಯಾರೂ ಅನುವಾದ ಮಾಡೂದು ಬ್ಯಾಡ.

ತೊಂದ್ರಿ ಏನಂದ್ರ ಸೂಜಿ ಓಡಿದಷ್ಟೂ ಗೆರಿ ಸವೀತದ. ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕ, ಅದರಿಂದ ಮತ್ತೊಂದಕ್ಕ ತುಂಬಿಸಿಕೊಂಡಿದ್ದು ನಿಮಗೂ ನೆನಪಿರಬೇಕು. ಮೂರನೇ ಕ್ಯಾಸೆಟ್ಟಿನ್ಯಾಗ ಹಾಡಿಗಿಂತ ‘ಸುಯ್’ ಅನ್ನೂದಽ ಜೋರು. ಅಜ್ಜಿ ಬಾಯಿಂದ ಬಂದ ಸಾರಿನ ಅಂದಾಜು ಮೂರು ಮನಿ ದಾಟಿದ್ರ ಬ್ಯಾರೆ ಸಾರಽ ಆಗಿರ್ತದ. ಅದನ್ನಽ ‘ಎರಡು ಚಮಚ ಧನಿಯಾ, ಒಂದು ಚಮಚ ಜೀರಗಿ’ ಅಂತ ಅಂಕಿ ಹಾಕಿ ಬರದು ಕೊಟ್ರ ನೂರು ಮನಿ ತಿರುಗಿದ್ರೂ ಆ ಚೀಟಿ ಬದಲಾಗೂದಿಲ್ಲ. ದನಿಗೆ ಈ ಉಪಾಯ ಮಾಡಿದವರು ಅಲೆಕ್ ರೀವ್ಸ್ ಅನ್ನೋ ಇಂಗ್ಲೀಷ್ ಎಂಜಿನಿಯರು, 1937ರಾಗ ಪ್ಯಾರಿಸ್ಸಿನೊಳಗ. ಅವರ ತಲ್ಯಾಗ ಸಂಗೀತ ಇರಲಿಲ್ಲ, ದೂರದ ಟೆಲಿಫೋನಿನ ಗದ್ದಲ ಹ್ಯಾಂಗ ಕಡಿಮಿ ಮಾಡೂದು ಅನ್ನೂದಿತ್ತು. ದನಿಯನ್ನ ಸೆಕೆಂಡಿಗೆ ಸಾವಿರಾರು ಸಲ ಅಳೆದು, ಆ ಅಳತಿಯನ್ನ ಅಂಕಿ ಮಾಡಿ ಕಳಸೂದು, ಆ ಕಡೆ ಅಂಕಿಯಿಂದ ಮತ್ತ ದನಿ ಮಾಡೂದು. ದುಭಾಷಿ ಹುಟ್ಟಿದ್ದು ಹಿಂಗ.

ಅದು ಮನಿಯೊಳಗ ಬಂದಿದ್ದು ಸಿಡಿ ಜೋಡಿ. 1982ರ ಅಕ್ಟೋಬರ್ 1ಕ್ಕ ಜಪಾನಿನ್ಯಾಗ ಸೋನಿಯವರ ಸಿಡಿಪಿ-101 ಮಾರಾಟಕ್ಕ ಬಂತು. ಸಿಡಿಯೊಳಗ ದನಿಯನ್ನ ಸೆಕೆಂಡಿಗೆ 44,100 ಸಲ ಅಳೀತಾರ. ಈ ವಿಚಿತ್ರ ಅಂಕಿ ಯಾಕ ಅಂತ ನನಗ ಭಾಳ ದಿವಸ ಕುತೂಹಲ ಇತ್ತು. ಮನಷ್ಯಾರ ಕಿವಿಗೆ ಕೇಳೂದು ಹೆಚ್ಚಂದ್ರ 20,000 ಹರ್ಟ್ಸ್. ಅದರ ದುಪ್ಪಟ್ಟಿಗಿಂತ ಚೂರು ಹೆಚ್ಚು ಸಲ ಅಳೆದ್ರ ಸಾಕು ಅಂತ ಗಣಿತ ಹೇಳ್ತದ. ಆದ್ರ 40,000 ಬಿಟ್ಟು, 42,000 ಬಿಟ್ಟು, 44,100ಽ ಯಾಕ? ಆವಾಗ ಇಷ್ಟು ಅಂಕಿ ಹಿಡದು ಇಡ್ಲಿಕ್ಕೆ ಜಾಗಾ ಇದ್ದದ್ದು ವಿಡಿಯೋ ಟೇಪಿನ್ಯಾಗ ಮಾತ್ರ. ಟೀವಿ ಚಿತ್ರದ ಒಂದೊಂದು ಗೆರಿಗೆ ಮೂರು ಅಳತಿ ತುಂಬ್ತಿದ್ರು. ಯುರೋಪಿನ ಟೀವಿ ಲೆಕ್ಕದಾಗ 294 ಗೆರಿ, ಸೆಕೆಂಡಿಗೆ 50 ಸಲ. ಜಪಾನಿನ ಲೆಕ್ಕದಾಗ 245 ಗೆರಿ, 60 ಸಲ. ಎರಡನ್ನೂ ಮೂರರಿಂದ ಗುಣಿಸಿ ನೋಡ್ರಿ, 44,100ಽ ಬರ್ತದ. ಇವತ್ತಿಗೂ ನಮ್ಮ ಫೋನಿನ್ಯಾಗಿನ ಎಷ್ಟೋ ಹಾಡು ಆ ಹಳೇ ಟೀವಿ ಗೆರಿಯ ಲೆಕ್ಕದಾಗಽ ಅವ.

ಆವಾಗಿನ ಡ್ಯಾಕ್ ತಯಾರ ಮಾಡೂದು ಭಾರೀ ಕಠಿಣ. ಅದು ಕಿರಾಣಿ ಅಂಗಡಿಯ ತೂಕದ ಕಲ್ಲಿನಂಗ ಕೆಲಸ ಮಾಡ್ತಿತ್ತು: ಹದಿನಾರು ಕಲ್ಲು, ಒಂದಕ್ಕಿಂತ ಒಂದು ದುಪ್ಪಟ್ಟು, ಅವನ್ನ ಬ್ಯಾರೆ ಬ್ಯಾರೆ ಥರ ಕೂಡಿಸಿದ್ರ 65,536 ತೂಕ ಬರ್ತಾವ. ಎಲ್ಲಾಕಿಂತ ದೊಡ್ಡ ಕಲ್ಲು ಸಣ್ಣದಕ್ಕಿಂತ 32,768 ಪಟ್ಟು ಭಾರ. ದೊಡ್ಡದರಾಗ ಕೂದಲೆಳಿಯಷ್ಟು ತಪ್ಪಾದ್ರೂ ಸಣ್ಣ ಕಲ್ಲಿನ ಲೆಕ್ಕ ನೀರಾಗ ಹೋತು. ಸಿಡಿಪಿ-101ರೊಳಗ ಡ್ಯಾಕ್ ಒಂದಽ ಇತ್ತು, ಅದಽ ಒಮ್ಮೆ ಎಡಗಿವಿಗೆ ಒಮ್ಮೆ ಬಲಗಿವಿಗೆ ಪಾಳಿ ಮ್ಯಾಲೆ ದುಡೀತಿತ್ತು. ಫಿಲಿಪ್ಸಿನವರು ಹದಿನಾಲ್ಕು ಕಲ್ಲಿನ್ಯಾಗಽ ಸಂಸಾರ ಮಾಡಿದ್ರು, ನಾಕು ಪಟ್ಟು ಲಗು ತೂಗಿ ಕೊರತಿ ತುಂಬಿಸ್ಕೊಂಡ್ರು. ಇದು ನನಗ ಭಾಳ ಮೆಚ್ಚುಗಿ ಆತು. ಆ ದಶಕದ ಕಡೀಕ ಕಲ್ಲುಗಳನ್ನಽ ಬಿಟ್ಟು, ನಾವು ಉಪ್ಪು ಹಾಕಿದಂಗ ಒಂದಽ ಚಿಟಿಗಿ ಹಾಕಿ, ರುಚಿ ನೋಡಿ, ಮತ್ತ ಹಾಕೂ ಪದ್ಧತಿ ಬಂತು, ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಅದಕ್ಕ ಅಷ್ಟು ಕರಾರುವಾಕ್ಕಾದ ಕಲ್ಲು ಬೇಕಾಗಿಲ್ಲ. ಹಿಂಗಾಗಿ ಡ್ಯಾಕ್ ಸೋವಿ ಆತು, ಸಾಸಿವಿಕಾಳಿನಂಗ ಸಣ್ಣದಾತು.

ಮುಂದಿಂದು ಲಗೂನ ಹೇಳ್ತೀನಿ. 1984ರಾಗ ಕೈಯಾಗ ಹಿಡಿಯೂ ಸಿಡಿ ಪ್ಲೇಯರು, 2001ರಾಗ ಐಪಾಡ್, ಆಮ್ಯಾಲೆ ಎಲ್ಲಾರ ಫೋನಿನ ಹೊಟ್ಟ್ಯಾಗೂ ಒಂದೊಂದು ಡ್ಯಾಕ್. 2016ರಾಗ ಐಫೋನ್ 7ರಿಂದ ಹೆಡ್‌ಫೋನಿನ ತೂತು ತಗದ್ರು, ಉಳಿದ ಕಂಪನಿಯವರೂ ಒಬ್ಬೊಬ್ಬರಾಗಿ ಅದಽ ಹಾದಿ ಹಿಡಿದ್ರು. ಹೊಟ್ಟ್ಯಾಗಿದ್ದ ದುಭಾಷಿಗೆ ಹೆಡ್‌ಫೋನಿನ ಕೂಡ ಮಾತಾಡ್ಲಿಕ್ಕೆ ಬಾಗಿಲಽ ಇಲ್ಲದಂಗ ಆತು. ಆ ಕೆಲಸ ಹೊರಗಿನ ಗೇಣುದ್ದದ ವೈರಿಗೆ ಬಂತು, ಇಲ್ಲಾ ಬ್ಲೂಟೂತ್ ಇಯರ್‌ಫೋನಿನೊಳಗ ಹೋತು.

ನಮ್ಮ ವೈನಿಗೆ ಪೆಟ್ಟು ಬಿದ್ದದ್ದು ಇಲ್ಲೇ. ಐವತ್ತು ದಾಟಿದ ಮ್ಯಾಲೆ ಹಾಡು ಮತ್ತ ಸುರು ಮಾಡ್ಯಾರ. ಫೋನಿನ್ಯಾಗ ತಂಬೂರಿ-ತಬಲಾ ಹಚ್ಚಿ, ತಾವು ಹಾಡಿದ್ದನ್ನ ಅದರ ಮ್ಯಾಲೇ ರೆಕಾರ್ಡ್ ಮಾಡಿ ಗುರುಗಳಿಗೆ ಕಳಸಬೇಕು. ಬ್ಲೂಟೂತಿನ್ಯಾಗ ತಬಲಾ ಕಿವಿಗೆ ಮುಟ್ಟೂದಽ ತಡಾ, ಹಿಂಗಾಗಿ ಅವರು ಸರಿಯಾಗಿ ಸಮ್ ಹಿಡದ್ರೂ ರೆಕಾರ್ಡಿನ್ಯಾಗ ಹಿಂದ ಬೀಳ್ತಿತ್ತು. ‘ತಾಳ ಗಟ್ಟಿ ಮಾಡ್ರಿ’ ಅಂತ ಎರಡು ಸಲ ಬೈಸಿಕೊಂಡ್ರು. ಮೂರನೇ ಸಲಕ್ಕ ನನಗಿನ್ನು ಆಗೂದಿಲ್ಲ ಅಂತ ಕ್ಲಾಸ್ ಬಿಡ್ಲಿಕ್ಕೇ ನಿಂತಿದ್ರು. ವೈರು ಹಚ್ಚಿ ಅದಽ ಬಂದಿಶ್ ಹಾಡಿಸಿದ್ವಿ, ಸಮ್ ಜಾಗಾಕ್ಕ ಬಿತ್ತು. ಹಾಡೂವರಿಗೆ ವೈರಽ ಬೇಕು ಅಂತ ನಾನು ಹಟ ಹಿಡಿಯೂದು ಅದಕ್ಕ.

ಇನ್ನ ಯಾವ ವೈರು? ಬರೇ ತಂತಿ ಇರೂ ಕನ್ವರ್ಟರು, ಸಿ ಪಿನ್ನಿನ ಮುಖಾಂತರ ದನಿಯನ್ನಽ ಹೊರಗ ಬಿಡೂ ಫೋನಿಗೆ ಮಾತ್ರ ನಡೀತದ. ಒಳಗ ಡ್ಯಾಕ್ ಇದ್ದದ್ದನ್ನ ತಗೊಂಡ್ರ ಆ ಚಿಂತಿ ಕಡಿಮಿ. ಡಬ್ಬಿ ಮ್ಯಾಲೆ ‘ಡ್ಯಾಕ್’ ಅಂತ ಬರದದ ಏನು ನೋಡ್ರಿ. ಮಗಳ ಕೂಡ ಮಾತಾಡೂದು ಅದರಾಗಽ ಅಂದ್ರ ಮೈಕ್ ನಡೀತದ ಏನು ಕೇಳ್ರಿ. ಸಾದಾ ಇಯರ್‌ಫೋನಿಗೆ ಸಣ್ಣ ಡ್ಯಾಕಿನ ಶಕ್ತಿ ಸಾಕು. 250–300 ಓಮ್ ಅಂತ ಬರದಿರೂ ದೊಡ್ಡ ಸ್ಟುಡಿಯೋ ಹೆಡ್‌ಫೋನ್ ಇದ್ರ ಮಾತ್ರ ಹೆಚ್ಚು ಜೋರಿಂದು ಬೇಕು, ಇಲ್ಲಾಂದ್ರ ದನಿ ಸಣ್ಣಾಗಿ ಕೇಳಸ್ತದ.

192, 384 ಅಂತ ದೊಡ್ಡ ಅಂಕಿ ತೋರಿಸಿ ಹತ್ತು-ಹದಿನೈದು ಸಾವಿರ ಕೇಳಿದ್ರ ರೊಕ್ಕ ಸೆರಗಿನ ಗಂಟಿನ್ಯಾಗಽ ಇರ್ಲಿ. 2007ರಾಗ ಅಮೇರಿಕಾದ ಮೇಯರ್ ಮತ್ತು ಮೊರಾನ್ ಅನ್ನೋರು ಒಂದು ಪರೀಕ್ಷಾ ಮಾಡಿ ಛಾಪಿಸಿದ್ರು. ಸಿಡಿಗಿಂತ ಮೇಲಿನ ದರ್ಜೆಯ ಡಿಸ್ಕನ್ನ ನೇರ ಕೇಳಿಸೂದು, ಇಲ್ಲಾ ನಡುವ ಗುಪ್ತಾಗಿ ಸಿಡಿ ಮಟ್ಟಕ್ಕ ಇಳಿಸಿ ಕೇಳಿಸೂದು. ಯಾವುದು ಯಾವುದಂತ ಹೇಳಬೇಕು. ಐನೂರಕ್ಕೂ ಹೆಚ್ಚು ಸಲ ಕೇಳಿಸಿದ್ರು, ಸರಿ ಉತ್ತರ ಹೆಚ್ಚೂಕಡಿಮಿ ಅರ್ಧ, ನಾಣ್ಯ ಚಿಮ್ಮಿದಂಗ. ಅದರ ಮ್ಯಾಲೆ ನಮ್ಮ ವಯಸ್ಸಿನ ಕಿವಿಗೆ ಭಾಳ ಮೇಲಿನ ಸ್ವರ ಮೊದಲಽ ಕೇಳೂದು ಕಡಿಮಿ ಆಗಿರ್ತದ. ಉಳಿದ ರೊಕ್ಕದಾಗ ಛಲೋ ಹೆಡ್‌ಫೋನ್ ತಗೋರಿ, ಫರಕು ಕಿವಿಗೇ ಗೊತ್ತಾಗ್ತದ.

ಇನ್ನೊಂದು ಮಾತು, ನಮ್ಮ ಕಡೆ ಹಳೇ ಪ್ಲೇಟು ಕೇಳೂವರು ಭಾಳ ಅದಕ್ಕ ಹೇಳ್ತೀನಿ. ಅಬ್ದುಲ್ ಕರೀಮ್ ಖಾನರದು, ಗಂಗೂಬಾಯಿ ಹಾನಗಲ್ ಅವರು ಗಾಂಧಾರಿ ಅನ್ನೋ ಹೆಸರಿನ ಮ್ಯಾಲೆ ಸಣ್ಣ ವಯಸ್ಸಿನ್ಯಾಗ ಎಚ್‌ಎಂವಿಗೆ ಹಾಡಿದ್ದು, ಇವುಗಳೊಳಗಿನ ಕರಕರ ಯಾವ ಡ್ಯಾಕಿನಿಂದನೂ ಹೋಗೂದಿಲ್ಲ. ಅದು ಅಂಕಿ ಆಗೂಕಿಂತ ಮೊದಲಽ ಗೆರಿಯೊಳಗ ಕೂತದ. ದುಭಾಷಿ ಇದ್ದದ್ದನ್ನ ಇದ್ದಂಗ ಹೇಳ್ತಾನ ಅಷ್ಟ. ಅಂಥಾ ಹಾಡಿಗೆ ತುಟ್ಟಿ ಡ್ಯಾಕ್ ಹುಡುಕೂಕಿಂತ ಛಲೋ ಪ್ಲೇಟಿನಿಂದ ಇಳಿಸಿದ ಪ್ರತಿ ಹುಡುಕ್ರಿ.

ಅಂಗಡಿಗೆ ಹೋಗೂಮುಂದ ನಿಮ್ಮ ಫೋನು, ನಿಮ್ಮ ಇಯರ್‌ಫೋನು ಎರಡೂ ಒಯ್ರಿ. ಅಲ್ಲೇ ಹಚ್ಚಿ ಬರೇ ತಂಬೂರಿ ಕೇಳ್ರಿ, ಯಾರಿಗಾದ್ರೂ ಒಂದು ಫೋನ್ ಮಾಡಿ ನಿಮ್ಮ ಮಾತು ಕೇಳಸ್ತದ ಏನು ವಿಚಾರಿಸ್ರಿ, ಆಮ್ಯಾಲೆ ರೊಕ್ಕ ಕೊಡ್ರಿ. ಮನಿಗೆ ಬಂದ ಮ್ಯಾಲೆ ತಗಿಯೂಮುಂದ ವೈರು ಹಿಡದು ಜಗ್ಗಬ್ಯಾಡ್ರಿ, ಪಿನ್ನು ಹಿಡದು ತಗೀರಿ. ಮೊದಲ ತುಂಡಾಗೂದು ಆ ಬುಡದಾಗಿನ ತಂತಿ.