ಬಿರುಗಾಳಿಯಲ್ಲಿ ಹಾಡಿದವರು: ಜಾನ್ ವೆಸ್ಲಿಯ ಕಥೆ

ಮೈಸೂರಿನವರಿಗೆ ವೆಸ್ಲಿ ಅನ್ನೋ ಹೆಸರು ಹೊಸದಲ್ಲ. ಆ ಹೆಸರಿನ ಚರ್ಚು ಅಲ್ಲಿದೆ. ವೆಸ್ಲಿಯನ್ ಮಿಷನ್ನಿನ ಪ್ರೆಸ್ಸಿನಲ್ಲಿ ಎಷ್ಟೋ ಕನ್ನಡ ಪುಸ್ತಕಗಳು ಅಚ್ಚಾಗಿವೆ. ಆದರೆ ಯಾರು ಈ ವೆಸ್ಲಿ? ಒಂದು ನೇಮವನ್ನೂ ತಪ್ಪಿಸದ ಪಾದ್ರಿಗೆ ತನ್ನ ಎದೆಯೇ ಬರಿದು ಅನ್ನಿಸಿದ ಕಥೆ ಇವತ್ತು ಹೇಳ್ತೀನಿ.

ಆಕ್ಸ್‌ಫರ್ಡ್‌ನಲ್ಲಿ ತಮ್ಮ ಚಾರ್ಲ್ಸ್ ಶುರು ಮಾಡಿದ್ದ ಸಣ್ಣ ಗುಂಪಿಗೆ ಜಾನ್ ಮುಂದಾಳು. ಬುಧವಾರ, ಶುಕ್ರವಾರ ಉಪವಾಸ, ವಾರವಾರ ಪ್ರಭುಭೋಜನ, ಸೆರೆಮನೆಯ ಕೈದಿಗಳ ಭೇಟಿ. ಎಲ್ಲವೂ ಗಡಿಯಾರದ ಪ್ರಕಾರ. ಜತೆಯ ವಿದ್ಯಾರ್ಥಿಗಳು ‘ಮೆಥಡಿಸ್ಟರು’ ಅಂತ ಗೇಲಿ ಮಾಡಿದರು. ಆ ಗೇಲಿಯೇ ಮುಂದೆ ಒಂದು ದೊಡ್ಡ ಸಭೆಯ ಹೆಸರಾಯ್ತು.

1735ರಲ್ಲಿ ಆತ ಅಮೆರಿಕದ ಜಾರ್ಜಿಯಾಗೆ ಹಡಗು ಹತ್ತಿದ. ಜನವರಿ 1736ರಲ್ಲಿ ಬಿರುಗಾಳಿ ಎದ್ದು ದೊಡ್ಡ ಹಾಯಿ ಹರಿಯಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಚೀರಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ವಿಶ್ವಾಸಿಗಳು ಮಾತ್ರ ತಮ್ಮ ಕೀರ್ತನೆ ನಿಲ್ಲಿಸಲಿಲ್ಲ. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ಕೇಳಿದ: ಭಯ ಆಗಲಿಲ್ವಾ? ಇಲ್ಲ ಅಂದ. ಹೆಂಗಸರು ಮಕ್ಕಳಿಗೆ? ಅವರಿಗೂ ಇಲ್ಲ. ವೆಸ್ಲಿಗೆ ಗೊತ್ತಿತ್ತು, ತನಗೆ ಸಾವಿನ ಭಯ ಇದೆ ಅಂತ.

ಜಾರ್ಜಿಯಾದಲ್ಲಿ ಇನ್ನೂ ಕಹಿಯಾಯ್ತು. ಆತ ಮೆಚ್ಚಿದ್ದ ಸೋಫಿ ಹಾಪ್ಕಿ ಬೇರೊಬ್ಬನನ್ನು ಮದುವೆಯಾದಳು. 1737ರ ಆಗಸ್ಟ್‌ನಲ್ಲಿ ವೆಸ್ಲಿ ಸಭೆಯ ನಿಯಮ ಮುಂದಿಟ್ಟು ಅವಳಿಗೆ ಪ್ರಭುಭೋಜನ ನಿರಾಕರಿಸಿದ. ವಿಷಯ ಕೋರ್ಟಿಗೆ ಹೋಯ್ತು. ವರ್ಷದ ಕೊನೆಗೆ ಆತ ಊರು ಬಿಟ್ಟು ಹೊರಟ. ನನ್ನನ್ನು ಕಾಡೋದು ಇದೇ ಜಾಗ. ನಿಯಮ ಪುಸ್ತಕದಲ್ಲಿತ್ತು, ನಿಜ. ಆದರೆ ಅದನ್ನು ಎತ್ತಿ ಹಿಡಿದ ಕೈಯಲ್ಲಿ ಪ್ರೀತಿ ಇತ್ತೋ, ನೋವು ಇತ್ತೋ?

1738ರ ಮೇ 24. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋದ. ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಎದೆಯೊಳಗೆ ಒಂದು ಬಗೆಯ ಬಿಸುಪು ಹರಡಿತು, ಕ್ರಿಸ್ತ ತನ್ನ ಪಾಪವನ್ನೂ ಕಳೆದಿದ್ದಾನೆ ಅನ್ನೋ ಭರವಸೆ ಬಂತು ಅಂತ ದಿನಚರಿಯಲ್ಲಿ ಬರೆದುಕೊಂಡ.

ಹಾಗಾದರೆ ನೇಮನಿಷ್ಠೆ ಬಿಟ್ಟುಬಿಟ್ಟನಾ? ಇಲ್ಲ. ಎರಡೇ ವರ್ಷಕ್ಕೆ ಫೆಟರ್ ಲೇನ್ ಕೂಟದಲ್ಲಿ ಜಗಳ ಎದ್ದಿತು. ಪೂರ್ಣ ವಿಶ್ವಾಸ ಬರೋವರೆಗೆ ಪ್ರಾರ್ಥನೆ, ಪ್ರಭುಭೋಜನ ಎಲ್ಲ ನಿಲ್ಲಿಸಿ ಸುಮ್ಮನೆ ಕಾಯಬೇಕು ಅಂತ ಕೆಲವರ ವಾದ. ವೆಸ್ಲಿ ಒಪ್ಪದೆ 1740ರಲ್ಲಿ ಆ ಕೂಟದಿಂದ ಹೊರಬಂದ. ಆಚರಣೆಯಿಂದ ರಕ್ಷಣೆ ಸಂಪಾದಿಸೋಕಾಗಲ್ಲ. ಆದರೆ ಕೃಪೆ ಹರಿದು ಬರೋ ಕಾಲುವೆಯನ್ನು ಮುಚ್ಚೋದು ಯಾಕೆ? ಅವನ ನಿಲುವು ಅದು.

ಬದಲಾಗಿದ್ದು ಬೇರೆ. 1739ರಲ್ಲಿ, ಎಷ್ಟೋ ಚರ್ಚುಗಳ ಬಾಗಿಲು ಮುಚ್ಚಿದಾಗ, ಬ್ರಿಸ್ಟಲ್ ಹತ್ತಿರ ಬಯಲಲ್ಲಿ ನಿಂತು ಉಪದೇಶ ಮಾಡಿದ. ಹಿಂದೆ ಅದು ಅವನಿಗೇ ಅಸಭ್ಯ ಅನ್ನಿಸಿತ್ತು. ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯವರು ಬಂದು ಕೇಳಿದರು. ಐವತ್ತು ವರ್ಷ ಕುದುರೆ ಮೇಲೆ, ಗಾಡಿಯಲ್ಲಿ ಊರೂರು ಸುತ್ತಿದ. 1791ರಲ್ಲಿ, ಸಾಯೋದಕ್ಕೆ ಆರು ದಿನ ಮೊದಲು ಬರೆದ ಕಾಗದ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ಗೆ.

ಉಪವಾಸ ಅದೇ, ಪ್ರಭುಭೋಜನ ಅದೇ. ಒಂದು ಕಾಲಕ್ಕೆ ಅವನ್ನೇ ಹಿಡಿದು ಒಬ್ಬ ಹೆಣ್ಣುಮಗಳನ್ನು ಹೊರಗೆ ನಿಲ್ಲಿಸಿದ್ದ ಮನುಷ್ಯ, ಆಮೇಲೆ ಹೊರಗೆ ನಿಂತವರನ್ನೇ ಹುಡುಕಿಕೊಂಡು ಹೋದ.