ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ

ಅನೇಕ ವರ್ಷಗಳ ಹಿಂದೆ, ನಾನು ಉಪಾಧ್ಯಾಯ ವೃತ್ತಿಗೆ ಹೊಸಬನಾಗಿದ್ದಾಗ, ಒಂದು ಹೈಸ್ಕೂಲಿನ ಒಂಬತ್ತನೆಯ ತರಗತಿಯಲ್ಲಿ ವಿಜಾಪುರದ ಸೇನೆಯು ದಕ್ಷಿಣ ಕರ್ನಾಟಕದ ಮೇಲೆ ದಂಡೆತ್ತಿ ಬಂದ ಪಾಠವನ್ನು ಹೇಳುತ್ತಿದ್ದೆನು. ಸೇನಾಪತಿಗಳ ಹೆಸರು, ಗೆದ್ದ ಕೋಟೆಗಳ ಹೆಸರು, ಇಸವಿಗಳು, ಇವಿಷ್ಟನ್ನು ಕರಿಹಲಗೆಯ ಮೇಲೆ ಬರೆದು, ಬರೆದುಕೊಳ್ಳಿರೆಂದು ಹುಡುಗರಿಗೆ ಅಪ್ಪಣೆ ಮಾಡಿದ್ದೆನು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು ನಿಂತನು. ಹತ್ತಿರದ ಲಂಬಾಣಿ ತಾಂಡಾದಿಂದ ದಿನವೂ ನಡೆದು ಬರುತ್ತಿದ್ದವನು. ಒಂದು ಪುಟವನ್ನು ತಡವರಿಸದೆ ಓದಲಾರನೆಂದು ಹೆಸರಾಗಿದ್ದವನು. "ಮೇಷ್ಟ್ರೆ, ಅಷ್ಟು ದೊಡ್ಡ ದಂಡಿಗೆ ಕಾಳು ಹೊತ್ತುಕೊಂಡು ಬಂದೋರು ಯಾರು?" ಎಂದು ಕೇಳಿದನು. ತರಗತಿಯು ನಕ್ಕಿತು. ನಾನೂ ನಕ್ಕೆನೆಂದು ಹೇಳಿಕೊಳ್ಳಲು ಇಂದಿಗೂ ನಾಚಿಕೆಯಾಗುತ್ತದೆ. "ಅದು ಪುಸ್ತಕದಲ್ಲಿಲ್ಲ, ಕುಳಿತುಕೋ" ಎಂದೆನು. ಅವನು ಕುಳಿತನು. ಆ ವರ್ಷವೆಲ್ಲ ಅವನು ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲವೂ ಆ ಹುಡುಗನಿಗೆ ಅಂದು ಕೊಡಬೇಕಾಗಿದ್ದ ಉತ್ತರವೇ ಎಂದು ಶ್ರೋತೃಗಳು ಭಾವಿಸಬಹುದು.

ನಮ್ಮ ಯಾವ ಹೈಸ್ಕೂಲಿನ ಯಾವ ತರಗತಿಯನ್ನಾದರೂ ನೋಡಿರಿ. ಪಾಠವನ್ನು ಹಿಂದಿನ ರಾತ್ರಿಯೇ ಓದಿ ಮುಗಿಸಿ ಬಂದಿರುವ ಹುಡುಗಿ ಒಬ್ಬಳು. ಓದಬಲ್ಲನಾದರೂ ಬರೆಯಲು ಬೇಸರಪಡುವವನು ಮತ್ತೊಬ್ಬನು. ಲೆಕ್ಕದಲ್ಲಿ ಚುರುಕಾಗಿದ್ದು ಹೆಸರುಗಳನ್ನು ಮರೆಯುವವನು ಇನ್ನೊಬ್ಬನು. ಮನೆಯಲ್ಲಿ ಉರ್ದುವನ್ನೋ ಲಂಬಾಣಿಯನ್ನೋ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡದೊಡನೆ ಹೆಣಗುವವರು ಹಲವರು. ಇವರೆಲ್ಲರನ್ನೂ ಒಂದೇ ಕೊಠಡಿಯಲ್ಲಿ ಕೂಡಿಸಿ, ಒಂದೇ ಗಂಟೆಯ ಹೊಡೆತಕ್ಕೆ ಒಂದೇ ಪಾಠವನ್ನು ಮುಗಿಸಬೇಕೆಂಬುದು ಉಪಾಧ್ಯಾಯನಿಗೆ ಒದಗಿರುವ ಕಷ್ಟ. ಅವನು ಸಾಮಾನ್ಯವಾಗಿ ಮಾಡುವುದೇನು? ತರಗತಿಯ ನಡುವಿನವನನ್ನು ಕಣ್ಣಿನ ಮುಂದಿಟ್ಟುಕೊಂಡು ಮಾತನಾಡುತ್ತಾನೆ. ಇದರಿಂದ ಮುಂದಿರುವವಳಿಗೆ ಬೇಸರ, ಹಿಂದಿರುವವನಿಗೆ ಭಯ. ನಡುವಿನವನಿಗಾದರೂ ನಿದ್ರೆ ಬರುವುದಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಇದಕ್ಕೆ ಎರಡು ಪರಿಹಾರಗಳನ್ನು ಹೇಳುವುದು ವಾಡಿಕೆಯಾಗಿದೆ. ಜಾಣರನ್ನು ಒಂದು ಕಡೆಗೂ ಮಂದರನ್ನು ಮತ್ತೊಂದು ಕಡೆಗೂ ಬೇರ್ಪಡಿಸುವುದು ಮೊದಲನೆಯದು. ಮಂದರಿಗೆ ಅರ್ಧ ಪುಟದ ಸಂಗ್ರಹವನ್ನು ಬಾಯಿಪಾಠಕ್ಕೆ ಕೊಟ್ಟು, ಜಾಣರಿಗೆ ಇನ್ನೆರಡು ಪುಟಗಳನ್ನು ಹೆಚ್ಚಾಗಿ ಕೊಡುವುದು ಎರಡನೆಯದು. ಮೊದಲನೆಯದರಲ್ಲಿ ಹುಡುಗನಿಗೆ ತನ್ನ ಯೋಗ್ಯತೆಯನ್ನು ಕುರಿತು ಒಂದು ತೀರ್ಪು ಮಾತ್ರ ದೊರೆಯುತ್ತದೆ, ಚರಿತ್ರೆ ದೊರೆಯುವುದಿಲ್ಲ. ಎರಡನೆಯದರಲ್ಲಿ ಜಾಣೆಗೆ ಭಾರ ಹೆಚ್ಚುತ್ತದೆ, ಮಂದನಿಗೆ ಊಟ ಕಡಿಮೆಯಾಗುತ್ತದೆ. ಇಬ್ಬರ ಎಲೆಯಲ್ಲಿಯೂ ಇರುವುದು ತಂಗಳೇ. ನಾನು ಅನುಭವದಿಂದ ಕಂಡುಕೊಂಡ ದಾರಿಯು ಇವೆರಡಕ್ಕೂ ಬೇರೆಯಾದುದು. ಇಡೀ ತರಗತಿಗೆ ಪ್ರಶ್ನೆ ಒಂದೇ ಇರಬೇಕು. ಅದನ್ನು ಮುಟ್ಟುವ ಬಾಗಿಲುಗಳು ಹಲವಿರಬೇಕು. ಪ್ರತಿಯೊಂದು ಬಾಗಿಲಿನಿಂದ ಬಂದವರು ತಂದುದು ಸೇರಿದಲ್ಲದೆ ಉತ್ತರವು ಪೂರ್ಣವಾಗಬಾರದು.

ಮಾತು ಬರಿಯ ತತ್ತ್ವವಾಗದಂತೆ ಒಂದು ಊರನ್ನು ತೆಗೆದುಕೊಳ್ಳೋಣ. ಚನ್ನಗಿರಿ ತಾಲ್ಲೂಕಿನಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ, ಬಸವಾಪಟ್ಟಣವೆಂಬ ಗ್ರಾಮವಿದೆ. ಹಿಂದೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಿಂದ ದಾವಣಗೆರೆ ಜಿಲ್ಲೆಗೆ ಸೇರಿದೆ. ಇಂದು ಅದೊಂದು ಹೋಬಳಿಯ ಊರು. ಆದರೆ ಹದಿನೇಳನೆಯ ಶತಮಾನದಲ್ಲಿ ಅದು ಒಂದು ನಾಯಕ ಮನೆತನದ ರಾಜಧಾನಿ. 1637ರ ಸುಮಾರಿನಲ್ಲಿ ವಿಜಾಪುರದ ಸೇನಾಪತಿ ರಣದುಲ್ಲಾಖಾನನು ಇಕ್ಕೇರಿಯ ವೀರಭದ್ರನಾಯಕನ ಮೇಲೆ ಬಂದಾಗ, ಇಕ್ಕೇರಿಯವರೊಡನೆ ಹಗೆಯಿದ್ದ ಬಸವಾಪಟ್ಟಣದ ನಾಯಕನು ವಿಜಾಪುರದ ಪಕ್ಷದಲ್ಲಿದ್ದನು. ವೀರಭದ್ರನಾಯಕನು ಕಪ್ಪವನ್ನು ಒಪ್ಪಿಕೊಂಡು, ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಸಾಗಿಸಿದನು. ಕೆಲವೇ ವರ್ಷಗಳಲ್ಲಿ ಅದೇ ವಿಜಾಪುರದ ದಂಡು ಬಸವಾಪಟ್ಟಣದ ಕೋಟೆಯನ್ನೇ ಮುತ್ತಿ ಹಿಡಿಯಿತು. ನಾಯಕ ಮನೆತನವು ಮುಂದೆ ತರೀಕೆರೆಯಲ್ಲಿ ನೆಲೆನಿಂತಿತು. 1687ರಲ್ಲಿ ಮೊಗಲರು ಶಿರಾ ಪ್ರಾಂತವನ್ನು ರಚಿಸಿದಾಗ, ಅದರ ಏಳು ಪರಗಣೆಗಳಲ್ಲಿ ಬಸವಾಪಟ್ಟಣವೂ ಒಂದಾಯಿತು. ಬೂದಿಹಾಳ, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ, ಇವು ಉಳಿದ ಆರು.

ಇದನ್ನೇ ಪಾಠವಾಗಿ ಒಪ್ಪಿಸಿದರೆ ಹುಡುಗರು ಆಕಳಿಸುವರು. ಆದರೆ ಹಲಗೆಯ ಮೇಲೆ ಹೀಗೊಂದು ಪ್ರಶ್ನೆಯನ್ನು ಬರೆಯಿರಿ: ನಿನ್ನೆ ತನ್ನ ಜೊತೆಗಿದ್ದವನ ಕೋಟೆಯನ್ನು ವಿಜಾಪುರವು ಇಂದು ಏಕೆ ಮುತ್ತಿತು? ಇದು ಜಾಣೆಗೂ ಹೊಸದು, ಮಂದನಿಗೂ ತಿಳಿಯುವಂಥದು. ಆಟದ ಬಯಲಿನಲ್ಲಿ ಸ್ನೇಹ ಮುರಿದುಕೊಂಡ ಹುಡುಗರೆಲ್ಲರೂ ಇದನ್ನು ಬಲ್ಲರು.

ಇನ್ನು ಕೆಲಸದ ಹಂಚಿಕೆ. ಚೆನ್ನಾಗಿ ಓದಬಲ್ಲ ನಾಲ್ವರಿಗೆ ಎರಡು ಆಸ್ಥಾನಗಳ ಮಾತನ್ನು ಕೊಡಬೇಕು. ಮಹಮದ್ ಆದಿಲ್‌ಷಹನ ಕಾಲದ ಪಾರಸೀ ಗ್ರಂಥವಾದ ಮಹಮದ್‌ನಾಮಾ ವಿಜಾಪುರದ ಕಡೆಯಿಂದ ಕಥೆಯನ್ನು ಹೇಳುತ್ತದೆ. ಲಿಂಗಣ್ಣ ಕವಿಯ ಕೆಳದಿನೃಪವಿಜಯವು ಇಕ್ಕೇರಿಯ ಅರಸರ ಕಡೆಯಿಂದ ಹೇಳುತ್ತದೆ. ಇವುಗಳ ಸಾರಾಂಶವನ್ನು ಉಪಾಧ್ಯಾಯನು ತಿಳಿಗನ್ನಡದಲ್ಲಿ ಬರೆದುಕೊಟ್ಟರೆ, ಎಲ್ಲಿ ಇಬ್ಬರೂ ಒಪ್ಪುವರು, ಎಲ್ಲಿ ಒಬ್ಬರು ಹೊಗಳಿದುದನ್ನು ಮತ್ತೊಬ್ಬರು ಹೇಳದೆ ಬಿಡುವರು ಎಂಬುದನ್ನು ಅವರು ಪಟ್ಟಿಮಾಡಲಿ. ಚಿತ್ರ ಬರೆಯುವ ಕೈಯುಳ್ಳವರು ನೆಲದ ಮೇಲೆ ಸುಣ್ಣದ ಪುಡಿಯಿಂದ ನಕ್ಷೆಯನ್ನು ಬರೆದು, ವಿಜಾಪುರ, ಇಕ್ಕೇರಿ, ಬಿದನೂರು, ಬಸವಾಪಟ್ಟಣಗಳನ್ನು ಗುರುತಿಸಿ, ತುಂಗಭದ್ರೆಯನ್ನು ಹರಿಯಿಸಲಿ. ಬಸವಾಪಟ್ಟಣವು ಯಾರ ಕೈಯಲ್ಲಿದ್ದರೆ ಮಲೆನಾಡಿನ ದಾರಿ ಯಾರಿಗೆ ತೆರೆಯುವುದೆಂಬುದನ್ನು ಆ ನಕ್ಷೆಯೇ ಹೇಳುತ್ತದೆ. ಅಳೆಯುವುದರಲ್ಲಿ ಉತ್ಸಾಹವಿರುವವರು ಊರಿನ ಹಳೆಯ ಗೋಡೆಯ ದಪ್ಪವನ್ನು ಅಳೆದು ಬರಲಿ. ಓದಲು ತಡವರಿಸಿದರೂ ಕೇಳಿ ನೆನಪಿಟ್ಟುಕೊಳ್ಳಬಲ್ಲವರು ಮನೆಯ ಹಿರಿಯರಿಂದ ಕೋಟೆಯ ಕಥೆಯನ್ನು ಕೇಳಿ ತಂದು, ತರಗತಿಯ ಮುಂದೆ ನಿಂತು ಹೇಳಲಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಂದನಿಗೆ ಕೊಡುವ ಕೆಲಸವು ಸಣ್ಣ ಕೆಲಸವಾಗಿರಬಾರದು. ಅವನಿಗೆ ಬಣ್ಣ ತುಂಬುವ ಕೆಲಸವನ್ನು ಕೊಟ್ಟು ಸುಮ್ಮನೆ ಕೂರಿಸಿದರೆ, ಅದು ಅವನಿಗೂ ತಿಳಿಯುತ್ತದೆ, ಅವನ ಪಕ್ಕದವನಿಗೂ ತಿಳಿಯುತ್ತದೆ. ಅವನಿಗೆ ಓದಿನ ಸಹಾಯವನ್ನು ಧಾರಾಳವಾಗಿ ಕೊಡಬಹುದು. ಆಲೋಚನೆಯಲ್ಲಿ ರಿಯಾಯಿತಿಯನ್ನು ಮಾತ್ರ ಕೊಡಬಾರದು.

ಈಗ ನನ್ನ ಹಳೆಯ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಅಂದಿನ ಕಾಲದಲ್ಲಿ ದಖನಿನ ದಂಡುಗಳಿಗೆ ಧಾನ್ಯವನ್ನು ಒದಗಿಸುತ್ತಿದ್ದವರಲ್ಲಿ ಮುಖ್ಯರಾದವರು ಲಂಬಾಣಿಗಳು, ಅಥವಾ ಬಂಜಾರರು. ಹೇರೆತ್ತುಗಳ ಮೇಲೆ ಉಪ್ಪನ್ನೂ ಕಾಳನ್ನೂ ಹೇರಿಕೊಂಡು, ಹೆಂಡಿರು ಮಕ್ಕಳೊಡನೆ, ಗಾಡಿಯ ದಾರಿಯಿಲ್ಲದ ಕಾಡುಗಳನ್ನು ದಾಟಿ ಅವರು ವ್ಯಾಪಾರ ಮಾಡುತ್ತಿದ್ದರು. 1632ರಲ್ಲಿ, ಎಂದರೆ ಬಸವಾಪಟ್ಟಣದ ಮುತ್ತಿಗೆಗೆ ಕೆಲವೇ ವರ್ಷಗಳ ಮೊದಲು, ಪೀಟರ್ ಮಂಡಿ ಎಂಬ ಆಂಗ್ಲೇಯ ಪ್ರವಾಸಿಯು ಉತ್ತರ ಹಿಂದೂಸ್ಥಾನದಲ್ಲಿ ಕಂಡ ಒಂದೇ ತಾಂಡಾದಲ್ಲಿ 14,000 ಎತ್ತುಗಳಿದ್ದುವೆಂದು ಬರೆದಿಟ್ಟಿದ್ದಾನೆ. ಲೆಕ್ಕದ ಹುಡುಗನಿಗೆ ಇದನ್ನು ಕೊಡಿರಿ. ಒಂದು ಎತ್ತಿಗೆ ಎರಡೂವರೆ ಮೀಟರು ಜಾಗವೆಂದರೆ, ಒಂದರ ಹಿಂದೆ ಒಂದು ನಿಂತ ಆ ಸಾಲು 35 ಕಿಲೋಮೀಟರು ಉದ್ದವಾಗುತ್ತದೆ. ಕಾಳಿನ ಮಾತು ಎಷ್ಟು ದೊಡ್ಡದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. 1791ರ ಮೇ ತಿಂಗಳಿನಲ್ಲಿ ಕಾರನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲಿನವರೆಗೆ ಬಂದೂ, ಮೇವಿಲ್ಲದೆ ಎತ್ತುಗಳು ಸತ್ತು, ಸೈನಿಕರಿಗೆ ಅನ್ನವಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ಮರುವರ್ಷ ಬಂಜಾರರ ಎತ್ತುಗಳ ಬೆಂಬಲದಿಂದ ಬಂದು ಟಿಪ್ಪುವನ್ನು ಸಂಧಿಗೆ ಒಪ್ಪಿಸಿದನು. ಹಾಗಾದರೆ, ಕಾಳು ಹೊತ್ತವರು ಯಾರೆಂಬ ಪ್ರಶ್ನೆಯು ನಗುವ ಪ್ರಶ್ನೆಯಾಗಿರಲಿಲ್ಲ. ನನ್ನ ಹಲಗೆಯ ಮೇಲಿದ್ದ ಎಲ್ಲ ಇಸವಿಗಳಿಗಿಂತಲೂ ಯುದ್ಧದ ಮರ್ಮಕ್ಕೆ ಹತ್ತಿರವಾದ ಪ್ರಶ್ನೆ ಅದಾಗಿತ್ತು. ಅದನ್ನು ಕೇಳಿದವನು ತನ್ನ ಅಜ್ಜ ಮುತ್ತಜ್ಜಂದಿರನ್ನು ಕುರಿತೇ ಕೇಳಿದ್ದನು. ಅದು ನನಗೆ ತಿಳಿಯಲಿಲ್ಲ.

ಹೀಗೆ ಹಲವು ಬಾಗಿಲುಗಳನ್ನು ತೆರೆದಾಗ ಒಂದು ಅಪಾಯವೂ ಒಳಗೆ ಬರಬಹುದು. ಮನೆಯ ಹಿರಿಯರು ಹೇಳಿದ ಕಥೆಗಳಲ್ಲಿ ಅಭಿಮಾನವಿರುತ್ತದೆ, ಕೆಲವು ವೇಳೆ ಹಗೆಯೂ ಇರುತ್ತದೆ. ಅದೇ ತಾಲ್ಲೂಕಿನ ಸಂತೇಬೆನ್ನೂರನ್ನು ನೋಡಿರಿ. ಅಲ್ಲಿ ಹನುಮಪ್ಪನಾಯಕನು ಕಟ್ಟಿಸಿದ ಸೊಗಸಾದ ಪುಷ್ಕರಿಣಿಯಿದೆ. ನೀರಿನ ನಡುವೆ ವಸಂತಮಂಟಪ, ದಡದ ಬಳಿ ಮುಸಾಫಿರಖಾನೆ. ಅಲ್ಲಿದ್ದ ರಂಗನಾಥ ದೇವಾಲಯವನ್ನು ರಣದುಲ್ಲಾಖಾನನು ಕೆಡವಿ ಮಸೀದಿಯನ್ನು ಕಟ್ಟಿಸಿದನೆಂದು ರೈಸರ ಮೈಸೂರು ಗೆಜೆಟಿಯರು ಹೇಳುತ್ತದೆ. ಒಂದೇ ಬೆಂಚಿನಲ್ಲಿ ಹಿಂದೂ ಹುಡುಗನೂ ಮುಸಲ್ಮಾನ ಹುಡುಗನೂ ಕುಳಿತಿರುವಾಗ ಉಪಾಧ್ಯಾಯನು ಏನು ಮಾಡಬೇಕು? ಮರೆಮಾಚುವುದು ಸಲ್ಲದು, ಏಕೆಂದರೆ ಹುಡುಗರು ಅದನ್ನು ಬೀದಿಯಲ್ಲಿ ಕೇಳಿಯೇ ಕೇಳುವರು. ಕೆರಳಿಸುವುದಂತೂ ಸಲ್ಲವೇ ಸಲ್ಲದು. ತಂದ ಪ್ರತಿಯೊಂದು ಮಾತಿಗೂ ಮೂರು ಪ್ರಶ್ನೆಗಳನ್ನು ಹಾಕುವ ಅಭ್ಯಾಸವನ್ನು ಮೊದಲಿನಿಂದಲೇ ಮಾಡಿಸಬೇಕು: ಇದನ್ನು ಯಾರು ಹೇಳಿದರು? ನಡೆದ ಎಷ್ಟು ಕಾಲದ ಮೇಲೆ ಹೇಳಿದರು? ಯಾರು ಕೇಳಲೆಂದು ಹೇಳಿದರು? ಆಗ ಹುಡುಗರಿಗೇ ಹಲವು ಸಂಗತಿಗಳು ಹೊಳೆಯುತ್ತವೆ. ರಣದುಲ್ಲಾಖಾನನ ದಂಡಿನಲ್ಲಿಯೇ ಮರಾಠರ ಶಹಾಜಿಯೂ ಸರದಾರನಾಗಿದ್ದನು. ಇಕ್ಕೇರಿಯ ಮೇಲೆ ಆ ದಂಡಿಗೆ ನೆರವಾದವನು ಬಸವಾಪಟ್ಟಣದ ನಾಯಕನೇ. ನೋವು ನೋವಾಗಿಯೇ ಉಳಿಯುತ್ತದೆ. ಆದರೆ ಅದರ ಹೊಣೆಯು ಪಕ್ಕದಲ್ಲಿ ಕುಳಿತ ಸಹಪಾಠಿಯದಲ್ಲವೆಂಬುದು ಇಬ್ಬರು ಹುಡುಗರಿಗೂ ತಿಳಿಯುತ್ತದೆ. ಚರಿತ್ರೆಯ ಪಾಠದಿಂದ ಇದೊಂದು ಸಾಧಿಸಿದರೂ ಅದು ಸಾರ್ಥಕವೆಂದೇ ನನ್ನ ಭಾವನೆ.

"ಇದೆಲ್ಲ ಸರಿ, ಪರೀಕ್ಷೆಗೆ ಏನು ಗತಿ?" ಎಂದು ನನ್ನ ವೃತ್ತಿಬಾಂಧವರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಪ್ರತಿ ಪಾಠವನ್ನೂ ಹೀಗೆ ಮಾಡಲು ಕಾಲ ಸಾಲದು. ವರ್ಷಕ್ಕೆ ನಾಲ್ಕು ಪಾಠಗಳು ಸಾಕು. ಪ್ರತಿಯೊಂದಕ್ಕೂ ಮೂರು ಪೀರಿಯಡ್ಡುಗಳು: ಮೊದಲನೆಯದರಲ್ಲಿ ಪ್ರಶ್ನೆ ಮತ್ತು ಹಂಚಿಕೆ, ಎರಡನೆಯದರಲ್ಲಿ ತಂದುದನ್ನು ಕೂಡಿಸುವುದು, ಮೂರನೆಯದರಲ್ಲಿ ಪ್ರತಿಯೊಬ್ಬನೂ ತನ್ನ ಉತ್ತರವನ್ನು ಬರೆಯುವುದು. ಒಬ್ಬಳು ಎರಡು ಪುಟ ಬರೆಯಬಹುದು, ಮತ್ತೊಬ್ಬನು ನಾಲ್ಕು ವಾಕ್ಯ ಬರೆಯಬಹುದು. ಆದರೆ ನಾಲ್ಕು ವಾಕ್ಯದಲ್ಲಿಯೂ ಒಂದು ಕಾರಣ, ಒಂದು ಸಾಕ್ಷ್ಯ ಇರಲೇಬೇಕು. ಇಸವಿಗಳ ವಿಷಯದಲ್ಲಿ ಹೇಳುವುದಾದರೆ, ಮೊಳೆಯಿಲ್ಲದ ಗೋಡೆಗೆ ಅಂಗಿಯನ್ನು ನೇತುಹಾಕಲಾಗದು. ಪ್ರಶ್ನೆಯೇ ಮೊಳೆ. ಅದು ಮನಸ್ಸಿನಲ್ಲಿ ಭದ್ರವಾಗಿದ್ದರೆ 1637, 1687 ಎಂಬ ಇಸವಿಗಳು ತಾವಾಗಿಯೇ ನಿಲ್ಲುತ್ತವೆ.

ಶಾಲೆಗೂ ಚರಿತ್ರೆಗೂ ಇರುವ ಈ ನಂಟು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸರು ಮೊದಲು ಉಪಾಧ್ಯಾಯರು, ಬಳಿಕ ಶಾಲೆಗಳ ಇನ್‌ಸ್ಪೆಕ್ಟರು. ಶಾಲೆಗಳನ್ನು ನೋಡಲು ಊರೂರು ತಿರುಗುವಾಗ ಕಣ್ಣಿಗೆ ಬಿದ್ದ ಶಾಸನಗಳೇ ಅವರನ್ನು ಸಂಶೋಧನೆಗೆ ಎಳೆದುವು. ಅವರು ಬೆಳಕಿಗೆ ತಂದ ಶಾಸನಗಳು ಸುಮಾರು 9,000. ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಅಚ್ಚಾದುವು. ಶಾಲೆಯನ್ನು ನೋಡಲು ಹೊರಟವರು ಊರ ಕಲ್ಲನ್ನು ಓದಿದರು. ಊರ ಕಲ್ಲಿನ ಪಕ್ಕದಲ್ಲಿಯೇ ಇರುವ ಶಾಲೆಯು ಅದನ್ನು ನೋಡದೆ ಇರುವುದು ಹೇಗೆ?

ಬಾನುಲಿಯಲ್ಲಿ ಮಾತನಾಡುವವನಿಗೆ ಒಂದು ಕೊರತೆಯುಂಟು. ಅವನ ಮಾತು ಎಲ್ಲರಿಗೂ ಒಂದೇ ವೇಗದಲ್ಲಿ ಹೋಗುತ್ತದೆ. ಕೇಳುವವರಲ್ಲಿ ಯಾರಿಗೆ ತಿಳಿಯಿತು, ಯಾರು ಏನನ್ನೋ ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾದರು ಎಂಬುದು ಅವನಿಗೆ ಕಾಣುವುದಿಲ್ಲ. ನಾನು ಮೊದಲ ವರ್ಷಗಳಲ್ಲಿ ತರಗತಿಯ ಮುಂದೆ ನಿಂತೂ ಹೀಗೆಯೇ ಮಾತನಾಡಿದೆನು. ಉಪಾಧ್ಯಾಯನಿಗೆ ಮುಖಗಳು ಕಾಣುತ್ತವೆ. ಅದು ಅವನ ಭಾಗ್ಯ. ಹಿಂದಿನ ಬೆಂಚಿನಲ್ಲಿ ಒಂದು ಕೈ ಮೇಲೆದ್ದಾಗ, ಪುಸ್ತಕದಲ್ಲಿಲ್ಲದ ಪ್ರಶ್ನೆ ಬಂದಾಗ, ಅವನು ಸೀಮೆಸುಣ್ಣವನ್ನು ಕೆಳಗಿಟ್ಟು, "ಒಳ್ಳೆಯ ಪ್ರಶ್ನೆ; ಬಾ, ನಾವೆಲ್ಲ ಸೇರಿ ಹುಡುಕೋಣ" ಎಂದರೆ ಸಾಕು. ಪಾಠವು ಅಲ್ಲಿಂದ ಮುಂದೆ ತಾನಾಗಿಯೇ ನಡೆಯುತ್ತದೆ.